ಬೆನ್ನಿನ ಫೋಟೊ

ಬೆಂಗಳೂರಿನಿಂದ ಬಂದ ಫೋನ್ ಕೇಳಿ ಸಿಂಧನೂರಿನ ಫೋಟೊಗ್ರಾಫರ್ ಶಿವಕಾಂತ ಕುಣಿಯಬೇಕಿತ್ತು, ಬೆವರತೊಡಗಿದ. ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವ ಅವನು ಬಿಡುವಾದಾಗ ಬೀದಿಯ ಚಿತ್ರ ತೆಗೆಯುತ್ತಿದ್ದ. ಅಂಥದೊಂದು ಚಿತ್ರ, ಬದಲಾಗುತ್ತಿರುವ ಪಟ್ಟಣಗಳ ಕುರಿತ ದೊಡ್ಡ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಹೋದ ತಿಂಗಳು ಮಸ್ಕಿ ಬಸ್ ನಿಲ್ದಾಣದಲ್ಲಿ ತೆಗೆದದ್ದು: ತಲೆತುಂಬ ಸೆರಗು ಹೊದ್ದು, ಅದರ ಮೇಲೆ ಮಿಕ್ಸರ್ ಡಬ್ಬಿ ಹೊತ್ತು, ಮೊಬೈಲ್ ಅಂಗಡಿಗಳ ಫಲಕಗಳತ್ತ ಮುಖಮಾಡಿ ನಿಂತ ಹೆಂಗಸು. ಇಡೀ ಊರಿನ ಗುರುತು ಆ ಬೆನ್ನಿನಲ್ಲಿದೆ ಎಂದು ಪ್ರದರ್ಶನದ ಮೇಡಂ ಹೊಗಳಿದರು. ಆದರೆ ಚಿತ್ರದ ಹೆಂಗಸು ಸಂಜೆಯೊಳಗೆ ವಿಡಿಯೊ ಕಾಲ್‌ನಲ್ಲಿ ಒಪ್ಪಿಗೆ ಕೊಡದಿದ್ದರೆ ಚಿತ್ರ ಗೋಡೆಗೇರುವುದಿಲ್ಲ ಎಂದರು.

ಆಕೆಯ ಮುಖವನ್ನೇ ಶಿವಕಾಂತ ನೋಡಿರಲಿಲ್ಲ.

ಸಿಕ್ಕ ಬಸ್ಸು ಹತ್ತಿ ಮಸ್ಕಿಗೆ ಬಂದ. ನಿಲ್ದಾಣದ ಚಹಾದಂಗಡಿಯ ಫೈಜಲ್‌ಗೆ ಚಿತ್ರ ತೋರಿಸಿ, ಇವರು ಯಾರೆಂದು ಗೊತ್ತೇ ಎಂದು ಮೆಲ್ಲಗೆ ಕೇಳಿದ. ಫೈಜಲ್‌ಗೆ ಮೆಲ್ಲಗೆ ಮಾತಾಡಿ ರೂಢಿಯಿರಲಿಲ್ಲ. ಯಾರೋ ಹೆಣ್ಣುಮಗಳು ಕಾಣೆಯಾಗಿದ್ದಾಳೆಂದು ಕುಳಿತಲ್ಲಿಂದಲೇ ಸಾರಿದ. ಕಾಲುವೆಗೆ ನೀರು ಬಿಟ್ಟ ಸುದ್ದಿಯಂತೆ ಅದು ಹಬ್ಬಿತು. ಮುಖವಿಲ್ಲದ ಫೋಟೊ ಹಿಡಿದು ಹೆಂಗಸನ್ನು ಹುಡುಕುವುದು ಯಾವೂರ ಪದ್ಧತಿ ಎಂದು ಬಳೆ ಮಾರುವ ಲಾಲ್‌ಬೀ ವಿಚಾರಿಸಿದಳು. ಕಾಣೆಯಾದವಳು ಲಿಂಗಸುಗೂರಿನ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡವನೂ ಒಬ್ಬ ಹುಟ್ಟಿಕೊಂಡ.

ಅಷ್ಟರಲ್ಲಿ ಗಾಳೆಪ್ಪನೆಂಬ ದಪ್ಪ ಮೀಸೆಯ ಹಿರಿಯ ಫೋನ್ ಕಸಿದುಕೊಂಡು ಹಸಿರು ಸೀರೆಯನ್ನು ದಿಟ್ಟಿಸಿದ. ಅಂಥದೇ ಸೀರೆ ಅವನ ಸೊಸೆಗೂ ಇತ್ತು. ಶಿವಕಾಂತನ ಕಾಲರ್ ಅವನ ಮುಷ್ಟಿಗೆ ಬಂತು.

"ನಮ್ಮನಿ ಹೆಣ್ಮಗಳ ಫೋಟೊ ನಿನ್ನ ಫೋನ್‌ನಾಗ ಹೆಂಗ ಬಂತಲೇ?"

ಇದು ಕಲೆ ಎಂದು ಶಿವಕಾಂತ ತೊದಲಿದ. ಕಾಲರ್ ಇನ್ನಷ್ಟು ಬಿಗಿಯಾಯಿತು. ಠಾಣೆಗೆ ಒಯ್ಯುವುದೋ, ಇಲ್ಲೇ ವಿಚಾರಿಸುವುದೋ ಎಂಬ ಚರ್ಚೆ ಎದ್ದಿತು. ಶಿವಕಾಂತನಿಗೆ ಬೇರೆಯೇ ಹೆದರಿಕೆ. ಹೆಂಡತಿ ಅನುಪಮಾಳ ತವರು ಇದೇ ಊರು. ತಂಗಿಯ ಬಾಣಂತನಕ್ಕೆಂದು ಅವಳು ಎರಡು ತಿಂಗಳಿನಿಂದ ಇಲ್ಲೇ ಇದ್ದಳು. ಆ ಮನೆಯವರ ಕಣ್ಣಿಗೆ ಮಾತ್ರ ಬೀಳದಿರಲೆಂದು ಬೇಡಿಕೊಂಡ.

ಸಂತೆಚೀಲ ಹಿಡಿದ ಅತ್ತೆ ಅಮರಮ್ಮ ಗುಂಪು ಸೀಳಿಕೊಂಡೇ ಬಂದರು. ಫೋಟೊ ನೋಡಿದರು.

"ಸೀರಿ ನಂದು, ಉಟ್ಟಾಕಿ ನಮ್ಮ ಅನುಪಮಾ. ಅಳಿಯಂದ್ರ ಕಾಲರ್ ಬಿಡೋ ಗಾಳೆಪ್ಪ."

ಹುಡುಕುತ್ತಿದ್ದದ್ದು ತನ್ನ ಹೆಂಡತಿಯನ್ನೇ ಎಂದು ಶಿವಕಾಂತನಿಗೆ ಆಗಲೇ ಗೊತ್ತಾದದ್ದು. ಹೆಂಡತಿ ಮುನಿಸಿಕೊಂಡು ಬಂದಿದ್ದಾಳೆಂದು ಗುಂಪು ತಾನೇ ತೀರ್ಮಾನಿಸಿತು. ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಗಾಳೆಪ್ಪ ಮನೆಯವರೆಗೂ ಬುದ್ಧಿ ಹೇಳುತ್ತ ಬಂದ.

ಅನುಪಮಾ ಏನೂ ಕೇಳಲಿಲ್ಲ. ವಿಡಿಯೊ ಕಾಲ್‌ನಲ್ಲಿ ನಗುತ್ತಲೇ, ತನ್ನ ಗಂಡ ತೆಗೆದ ಫೋಟೊಗೆ ತನ್ನದೇನೂ ಅಡ್ಡಿಯಿಲ್ಲವೆಂದಳು. ಮೇಡಂ ಮುಖ ಗಂಟಾಯಿತು. ಪ್ರದರ್ಶನದಲ್ಲಿರುವುದು ಬೀದಿಯಲ್ಲಿ ಕಂಡ ಅಪರಿಚಿತರ ಚಿತ್ರಗಳು, ಮನೆಯವರನ್ನು ನಿಲ್ಲಿಸಿ ತೆಗೆದವಲ್ಲ ಎಂದರು. ಬಳಿಕ ಶಿವಕಾಂತನನ್ನು ಕರೆದು ಕೇಳಿದರು:

"ತೆಗೆಯುವಾಗ ಇವರು ನಿಮ್ಮ ಹೆಂಡತಿ ಅಂತ ಗೊತ್ತಿತ್ತಾ?"

ಇಲ್ಲವೆಂದರೆ ಚಿತ್ರ ಉಳಿಯುತ್ತಿತ್ತು. ಪಕ್ಕದಲ್ಲಿ ಅನುಪಮಾ, ಹಿಂದೆ ಅತ್ತೆ, ಬಾಗಿಲಲ್ಲಿ ಗಾಳೆಪ್ಪ. ಶಿವಕಾಂತ ಫೋನನ್ನು ಮುಖದ ಹತ್ತಿರ ಹಿಡಿದ.

"ಹೆಂಡ್ತಿ ಗುರುತು ಸಿಗದಂಗ ಇರ್ತದೇನ್ರೀ ಮೇಡಂ. ಆಕೀನ ನಿಲ್ಲಿಸೇ ತೆಗ್ದೀನಿ."

ಫೋನ್ ಕಟ್ಟಾಯಿತು. ಚಿತ್ರ ಹೋದರೂ ಸಂಸಾರ ಉಳಿಯಿತೆಂದು ಅವನು ಗೋಡೆಗೊರಗಿದ. ಅನುಪಮಾ ನೀರಿನ ತಂಬಿಗೆ ತಂದು ಅವನ ಮುಂದಿಟ್ಟಳು.

"ಗುರುತು ಸಿಕ್ಕಿತ್ತಂತ ಸುಳ್ಳು ಯಾಕ ಹೇಳಿದ್ರಿ? ಅವತ್ತು ಹಿಂದಿನಿಂದ ನನಗ, 'ಅಕ್ಕಾರ, ಹಂಗ ನಿಲ್ರಿ, ತಿರುಗಬ್ಯಾಡ್ರಿ' ಅಂದಿದ್ರಿ. ನಾ ತಿರುಗಲಿಲ್ಲ."