ತಾಯವ್ವನ ಒತ್ತು

ತೇರದಾಳದ ಹಾಲಿನ ಸಂಘವೊಂದರ ಪಾವತಿ ಪಟ್ಟಿಯಲ್ಲಿ ತಾಯವ್ವನ ಹೆಸರು ಸಾಲಿನ ಕೊನೆಗೆ ಬಂದದ್ದೇ ಎಲ್ಲಕ್ಕೂ ಕಾರಣವಾಯಿತು. ಕೊನೆಯ ‘ವ’ ಮೇಲೆಯೇ ಉಳಿಯಿತು. ಅದರ ಒತ್ತು ಮಾತ್ರ ಜಾರಿ, ಕೆಳಗಿನ ಸಾಲಿನಲ್ಲಿ ರಾಮಲಿಂಗಪ್ಪನ ಹೆಸರಿನ ಮುಂದೆ ಹೋಗಿ ಕುಳಿತಿತು.

ಭಾನುವಾರ ಮೊದಲ ಬಸ್ಸಿಗೇ ಬನಹಟ್ಟಿಗೆ ಬಂದ ತಾಯವ್ವ ನೀಲಕಂಠನ ಮನೆಯ ಕಟ್ಟೆ ಹಿಡಿದಳು.

“ನನ್ನ ವತ್ತು ಆ ರಾಮಲಿಂಗಪ್ಪಗ ಯಾಕ ಕೊಟ್ಟೀಪಾ? ಅವಗೂ ನಮಗೂ ಹೊಲದ ಬಾಂದಿನ ಜಗಳ ಐತಿ. ನಾಳೆ ಹೊಲಾನೂ ನಂದ ಅಂತಾನ.”

“ನಾ ಕೊಟ್ಟಿಲ್ಲಬೇ, ಕಂಪ್ಯೂಟರ್ ಕೊಟ್ಟೈತಿ.”

“ಅದಕ್ಕ ಕಲಿಸಿದವರ್ಯಾರು?”

ಕಲಿಸಿದವನು ನೀಲಕಂಠನೇ. ಊರಿಗೆ ಕಂಪ್ಯೂಟರು ಆಗತಾನೆ ಬಂದಿದ್ದ ಕಾಲ. ನೇಕಾರರ ಸಂಘದ ಗುಮಾಸ್ತನಾಗಿದ್ದ ಅವನು, ಕನ್ನಡ ಅಕ್ಷರ ಅಚ್ಚಾಗುವಂತೆ ಮಾಡುವ ಪ್ರೋಗ್ರಾಮಿನ ತುಣುಕುಗಳನ್ನು ಬರೆದು ಒಂದು ಕಟ್ಟು ಮಾಡಿದ್ದ. ಗೆಳೆಯರೆಲ್ಲ ಸೇರಿ ಅದನ್ನು ‘ಲೈಬ್ರರಿ’ ಎನ್ನುತ್ತ ಫ್ಲಾಪಿಯಲ್ಲಿ ಪುಕ್ಕಟೆ ಹಂಚುತ್ತಿದ್ದರು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು ಎಂಬುದು ಅವರ ಧ್ಯೇಯ. ತೇರದಾಳದ ಹಾಲಿನ ಸಂಘವೂ ಸೇರಿ ಬಳಸುವವರು ಬಹಳ ಜನ ಇದ್ದರು. ಬಿಚ್ಚಿ ನೋಡಿದವರು, ತಿದ್ದಿದವರು ಯಾರೂ ಇರಲಿಲ್ಲ.

ತಾಯವ್ವನಿಗೆ ಚಹಾ ಕುಡಿಸಿ ಕಳಿಸಿದ ನೀಲಕಂಠ, ಗೆಳೆಯ ಹೊಳಬಸಪ್ಪನ ಕಂಪ್ಯೂಟರ್ ಕ್ಲಾಸಿನಲ್ಲಿ ಗುಂಪಿನ ಸಭೆ ಕರೆದ. ಜಮಖಂಡಿಯಿಂದ ಕಾಲೇಜು ಮೇಷ್ಟ್ರು ಗೂಳಪ್ಪ, ಬಾಡಗಂಡಿಯಿಂದ ಸಕ್ಕರೆ ಕಾರ್ಖಾನೆಯ ರೇವಪ್ಪ ಬಂದರು.

“ಒಂದ ತಿದ್ದುಪಡಿ. ಒತ್ತು ಜಾರಬಾರದು, ಅಷ್ಟ,” ಎಂದ ನೀಲಕಂಠ. “ಮುಂದಿನ ಐತವಾರಕ್ಕ ಹೊಸ ಫ್ಲಾಪಿ ಬಿಟ್ಟಬಿಡೂಣು.”

“ಒತ್ತು ಇರ್ಲಿ. ಮೊದಲ ಅಕ್ಷರ ದೊಡ್ಡವಾಗ್ಲಿ,” ಎಂದ ರೇವಪ್ಪ. “ನಮ್ಮ ಸಾಹೇಬ್ರಿಗೆ ಚಾಳೀಸು ಬಂದೈತಿ.”

“ಬಣ್ಣಾನೂ ಬರ್ಲಿ,” ಎಂದ ಹೊಳಬಸಪ್ಪ.

“ಪ್ರಿಂಟರಿನ್ಯಾಗ ಕರೇ ರಿಬ್ಬನ್ ಅಷ್ಟ ಐತಲ್ರಿ?” ಎಂದ ನೀಲಕಂಠ.

“ಪರದೆ ಮ್ಯಾಲರೆ ಬರ್ಲಿ. ಕ್ಲಾಸಿಗೆ ಬಂದವರು ನೋಡ್ತಾರ.”

ಗೂಳಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಅದೆಲ್ಲಾ ಆಮ್ಯಾಲ. ಇದಕ್ಕ ನಂಬರ ಏನ ಕೊಡೂದು?”

“ಹಿಂದಿಂದು ಒಂದು. ಇದು ಒಂದೂವರಿ ಆಗ್ಲಿ,” ಎಂದ ನೀಲಕಂಠ.

“ಒಂದೂವರಿ ಅಂದ್ರ ಅರ್ಧಾ ಕೆಲಸ ಬಾಕಿ ಐತಿ ಅಂತ ತಿಳೀತಾರ. ಎರಡ ಅನ್ರಿ.”

“ಎರಡ ಅನ್ನಾಕ ದೊಡ್ಡ ಕೆಲಸ ಆಗಿರಬೇಕಲ್ರಿ ಸರ್.”

“ಹಂಗಾದ್ರ ದೊಡ್ಡ ಕೆಲಸ ಹಚ್ಚೂಣು.”

ಮಿರ್ಚಿ ಭಜಿ ಬಂದು ಖಾಲಿಯಾಗುವ ಹೊತ್ತಿಗೆ ಎಲ್ಲ ಅಕ್ಷರಗಳನ್ನೂ ಹೊಸದಾಗಿ ಬರೆಯುವುದೆಂದು ತೀರ್ಮಾನವಾಗಿತ್ತು. ಒತ್ತನ್ನು ಮೂರನೆಯ ನಂಬರಿಗೆ ಮುಂದೂಡಲಾಯಿತು.

ನೀಲಕಂಠ ಎದ್ದು ನಿಂತ. “ಹಂಗಾದ್ರ ನೀವ ನೋಡಿಕೊಳ್ರಿ. ನಾ ಇವತ್ತಿಗೆ ಬಿಟ್ಟೆ.” ಫ್ಲಾಪಿಗಳ ಡಬ್ಬಿಯನ್ನು ಮೇಷ್ಟ್ರ ಮುಂದೆ ಇಟ್ಟ. ಯಾರಾದರೂ ಕೈ ಹಿಡಿದು ತಡೆಯುತ್ತಾರೆಂದು ತುಸು ಹೊತ್ತು ಕಾದ. ಮೇಷ್ಟ್ರು ಭಜಿಯ ತಾಟು ಸರಿಸಿ ಡಬ್ಬಿಗೆ ಜಾಗ ಮಾಡಿದರು.

ಬಜಾರಿನ ಮೂಲೆಯವರೆಗೆ ಅವನಿಗೆ ಬೇಸರವಿತ್ತು. ಅಲ್ಲಿಂದಾಚೆ ಮೈ ಹಗುರಾಯಿತು. ಸುದ್ದಿ ಕೇಳಿದ ಹೆಂಡತಿ ಶೇವಂತಿ, “ಛಲೋ ಆತು ಬಿಡ್ರಿ. ಬರೂ ಐತವಾರ ಗಲಗಲಿಗೆ ಅಕ್ಕನ ಮನಿಗೆ ಹೋಗೂಣು,” ಎಂದಳು. ನೀಲಕಂಠ ಹೋಳಿಗೆ ಉಂಡು, ಕಬ್ಬು ಇಳಿಸಿ ನಿಂತ ಟ್ರ್ಯಾಕ್ಟರಿನಂತೆ ಮಲಗಿದ.

ಸಂಜೆ ಮೂವರೂ ಮನೆಗೇ ಬಂದರು. ಹಾರ, ಶಾಲು, ತೆಂಗಿನಕಾಯಿ, ಪೇಡೆ ತಂದಿದ್ದರು. ಮೇಷ್ಟ್ರು ಹಾರ ಹಾಕಿ ಅವನ ಸೇವೆಯ ಬಗ್ಗೆ ಮಾತಾಡಿದರು. ಇವರನ್ನು ತಪ್ಪು ತಿಳಿದೆನಲ್ಲ ಎಂದು ನೀಲಕಂಠನ ಕಣ್ಣು ಒದ್ದೆಯಾಯಿತು.

“ನೀವು ಹೋದ ಮ್ಯಾಲ ಕಮಿಟಿ ಮಾಡಿದಿವ್ರಿ,” ಎಂದರು ಮೇಷ್ಟ್ರು. “ನಾ ಅಧ್ಯಕ್ಷ, ರೇವಪ್ಪ ಕಾರ್ಯದರ್ಶಿ, ಹೊಳಬಸಪ್ಪ ಖಜಾಂಚಿ.”

“ನಮ್ಮ ಹತ್ರ ಖಜಾನೆ ಇಲ್ಲಲ್ರಿ?”

“ಇಲ್ಲ. ಅದಕ್ಕ ಅವರು ಒಪ್ಪಿದ್ರು. ಇನ್ನ ಬರಿಯೂ ಕೆಲಸಕ್ಕ ಒಬ್ಬರು ಬೇಕಿತ್ತು. ನಮಗೆಲ್ಲಾ ಹುದ್ದೆ ಬಂದು ಪುರಸೊತ್ತಿಲ್ಲ. ನೀವ ಒಬ್ಬರು ಖಾಲಿ ಇದ್ರಿ. ಸಭಾ ಒಮ್ಮತದಿಂದ ಒಪ್ಪೇತಿ. ಬರೂ ಐತವಾರಕ್ಕ ಮುಗಸಿಬಿಡ್ರಿ.”

ನೀಲಕಂಠನ ಎರಡೂ ಕೈಗಳಲ್ಲಿ ತೆಂಗಿನಕಾಯಿ ಇತ್ತು. ಬೇಡ ಎನ್ನಲು ಬಾಯಿ ತೆರೆದ. ಹೊಳಬಸಪ್ಪ ಅದರೊಳಗೆ ಪೇಡೆ ಇಟ್ಟ.