ಹಾಲುಹಲ್ಲಿನ ಮೇಲೊಂದು ರಾಜಾಜ್ಞೆ

ಬಹಳ ಹಿಂದೆ, ಅಂದರೆ ಈ ಪತ್ರಿಕೆಯ ಓದುಗರಾರೂ ಇದು ನಮ್ಮೂರಿನ ಸುದ್ದಿಯಿರಬಹುದೇ ಎಂದು ಅನುಮಾನಪಡಬೇಕಿಲ್ಲದಷ್ಟು ಹಿಂದೆ, ಥಳಕುಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಉಜ್ವಲವರ್ಮನೆಂಬ ಮಹಾರಾಜನು ಆಳುತ್ತಿದ್ದನು. ಒಮ್ಮೆ ಅವನು ನೆರೆರಾಜ್ಯದ ಪ್ರವಾಸಕ್ಕೆ ಹೋದಾಗ, ಅಲ್ಲಿಯ ಎಳೆಯ ಮಕ್ಕಳು ಹೊಳೆಯುವ ಪರದೆಯ ಮುಂದೆ ಕುಳಿತು ಪಾಠ ಕಲಿಯುವುದನ್ನು ಕಂಡನು. ಹಿಂದಿರುಗಿದ ಮೇಲೆ ಅರಮನೆಯ ಹೋಳಿಗೆಯೂ ಅವನಿಗೆ ರುಚಿಸಲಿಲ್ಲ.

"ಮಂತ್ರಿಗಳೇ, ನಮ್ಮ ಮಕ್ಕಳು ಇನ್ನೂ ಸೀಮೆಸುಣ್ಣದ ಯುಗದಲ್ಲಿದ್ದಾರೆ" ಎಂದನು.

ವಿದ್ಯಾಮಂತ್ರಿ ಅಹುದಯ್ಯನು ಕೈಮುಗಿದನು. "ಪ್ರಭುಗಳು ಅಪ್ಪಣೆ ಕೊಡಿಸುವ ಮೊದಲು ಅದೊಂದು ಯುಗವೆಂಬುದೇ ನಮಗೆ ತಿಳಿದಿರಲಿಲ್ಲ."

ಹೀಗೆ 'ಬಾಲವಿದ್ಯಾ ಡಿಜಿಟಲ್ ಮಹಾಯಜ್ಞ'ವು ಆರಂಭವಾಯಿತು. ರಾಜ್ಯದ ಪ್ರತಿ ಒಂದನೇ ತರಗತಿಯ ಗೋಡೆಗೂ ವದನವೀಕ್ಷಣ ಯಂತ್ರವನ್ನು ಕೂರಿಸಲಾಯಿತು. ಅದು ಮಗುವಿನ ಮುಖ ನೋಡಿ ಗುರುತು ಹಿಡಿಯುವುದು, ಹಾಜರಿ ಹಾಕುವುದು, ಪಾಠ ತೆರೆಯುವುದು, ಮಧ್ಯಾಹ್ನದ ಊಟಕ್ಕೆ ಚೀಟಿ ಕೊಡುವುದು. ಜೂನ್ ತಿಂಗಳಲ್ಲಿ ರಾಜಧಾನಿಯಿಂದ ಬಂದ ಫೋಟೋದವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಲ್ಲು ಕಾಣುವಂತೆ ನಗಿಸಿ, ಪಟ ತೆಗೆದು ಯಂತ್ರಕ್ಕೆ ಉಣಿಸಿ ಹೋದರು.

ಕುಂಬಾರಕೊಪ್ಪಲಿನ ಶಾಲೆಯಲ್ಲಿ ಒಂದನೇ ತರಗತಿಗೆ ಅನಸೂಯಾ ಎಂಬ ಟೀಚರಿದ್ದಳು. ಅವಳಿಗೆ ಯಂತ್ರದ ಮೇಲೆ ಯಾವ ಹಗೆಯೂ ಇರಲಿಲ್ಲ. ಪರದೆಯ ಮೇಲೆ ತಿಮಿಂಗಿಲ ಬಾಲ ಬಡಿದಾಗ ಮಕ್ಕಳೆಲ್ಲ ನೀರು ಹಾರೀತೆಂದು ಹಿಂದೆ ಸರಿದದ್ದನ್ನು ಕಂಡು ಅವಳೂ ನಕ್ಕಿದ್ದಳು. ಬರೀ ಬಾಯಲ್ಲಿ ಹೇಳಿ ತಿಮಿಂಗಿಲವನ್ನು ತೋರಿಸಲು ತನ್ನಿಂದಾಗುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಚೆಲುವಿ ಎಂಬ ಹುಡುಗಿ ಯಂತ್ರದ ಮುಂದೆ ನಿಂತು ಎಂದಿನಂತೆ ನಕ್ಕಳು. ಹಿಂದಿನ ಸಂಜೆ ಅವಳ ಮುಂದಿನ ಹಲ್ಲು ಬಿದ್ದಿತ್ತು.

"ಈ ವದನವು ನೋಂದಣಿಯಾಗಿಲ್ಲ" ಎಂದಿತು ಯಂತ್ರ.

"ನಾನು ಚೆಲುವಿ" ಎಂದಳು ಹುಡುಗಿ.

"ಈ ವದನವು ನೋಂದಣಿಯಾಗಿಲ್ಲ."

ಚೆಲುವಿ ಟೀಚರ ಕಡೆ ತಿರುಗಿದಳು. "ಮಿಸ್, ನಾನು ಇಲ್ಲೇ ಇವ್ನಿ ಅಲ್ವಾ?"

ಅನಸೂಯಾ ಅವಳ ಮುಖ ಒರೆಸಿದಳು, ಯಂತ್ರದ ಮುಖವನ್ನೂ ಒರೆಸಿದಳು. ಪ್ರಯೋಜನವಾಗಲಿಲ್ಲ. ಮಧ್ಯಾಹ್ನ ಅಡುಗೆಯ ಬೋರಮ್ಮ ಸೌಟು ಕೆಳಗಿಟ್ಟು ನಿಂತಳು. "ಚೀಟಿ ಇಲ್ದೆ ಬಡಿಸಿದ್ರೆ ನನ್ ಕೆಲ್ಸ ಹೋಯ್ತದೆ ಮಿಸ್ಸು. ಈ ಮಗೀನ ನಾನೇ ಎತ್ತಿ ಆಡ್ಸಿವ್ನಿ. ಆದ್ರೂ ಮಿಷನ್ನಿಗೆ ಗೊತ್ತಿಲ್ವಲ್ಲ."

ಅನಸೂಯಾ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧವನ್ನು ಹುಡುಗಿಗೆ ಕೊಟ್ಟಳು. ಆದರೆ ಒಂದನೇ ತರಗತಿಯೆಂದರೆ ಹಲ್ಲು ಬೀಳುವ ತರಗತಿ. ವಾರ ಕಳೆಯುವುದರೊಳಗೆ ಡಬ್ಬಿಯ ಸುತ್ತ ಕುಳಿತ ಬೊಚ್ಚುಬಾಯಿಗಳು ಹೆಚ್ಚಾದವು, ಟೀಚರ ಪಾಲಿಗೆ ಕರಿಬೇವು ಮಾತ್ರ ಉಳಿಯತೊಡಗಿತು. ಅವಳು ರಜೆ ಹಾಕಿ ರಾಜಧಾನಿಗೆ ಹೊರಟಳು.

ಆಸ್ಥಾನದಲ್ಲಿ ಅಂದು ಪ್ರಗತಿ ಪರಿಶೀಲನಾ ಸಭೆ ನಡೆದಿತ್ತು. ಅನಸೂಯಾ ಮುಂದೆ ಬಂದು ಅರಿಕೆ ಮಾಡಿದಳು. "ಮಹಾಸ್ವಾಮಿ, ಮಕ್ಕಳಿಗೆ ಹಲ್ಲು ಬೀಳ್ತಾ ಇವೆ. ಯಂತ್ರಕ್ಕೆ ಗುರುತು ಸಿಗ್ತಾ ಇಲ್ಲ. ಹೊಸದಾಗಿ ಪಟ ತೆಗೆಸಿದರೆ ಸಾಕು."

ಮಹಾರಾಜನು ಮಂತ್ರಿಯ ಕಡೆ ನೋಡಿದನು. "ಹಲ್ಲು ಬೀಳುವ ವಿಚಾರ ಯೋಜನಾ ವರದಿಯಲ್ಲಿ ಇತ್ತೇ?"

"ಇರಲಿಲ್ಲ ಪ್ರಭು. ಆದ್ದರಿಂದ ಅದು ಯೋಜನೆಗೆ ವಿರುದ್ಧವಾಗಿ ನಡೆಯುತ್ತಿದೆ."

"ಬಾಲ್ಯದಲ್ಲಿ ನಮ್ಮ ಹಲ್ಲುಗಳೂ ಬಿದ್ದಿದ್ದವೇ?"

"ಪ್ರಭುಗಳ ಹಲ್ಲುಗಳಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು" ಎಂದ ಅಹುದಯ್ಯ. "ಅವು ಸ್ವಇಚ್ಛೆಯಿಂದ ನಿವೃತ್ತಿ ಪಡೆದಿರಬೇಕು."

ಸಭೆ ತಲೆದೂಗಿತು. ಅದೇ ಸಂಜೆ ಆಜ್ಞೆ ಹೊರಟಿತು: ಶೈಕ್ಷಣಿಕ ವರ್ಷದ ನಡುವೆ ಯಾವ ಮಗುವಿನ ಹಾಲುಹಲ್ಲೂ ಪೂರ್ವಾನುಮತಿಯಿಲ್ಲದೆ ಬೀಳತಕ್ಕದ್ದಲ್ಲ. ಅನಿವಾರ್ಯವಾದ ಹಲ್ಲುಗಳು ದಸರಾ ರಜೆಯಲ್ಲಿ ಬೀಳಬಹುದು. ಚಕ್ಕುಲಿ, ಕಬ್ಬು, ಹುರಿಗಡಲೆಗಳನ್ನು ಶಾಲೆಯ ಸುತ್ತಮುತ್ತ ನಿಷೇಧಿಸಲಾಗಿದೆ. ಬಿದ್ದ ಹಲ್ಲಿನ ಜಾಗದಲ್ಲಿ ಪೋಷಕರು ಸ್ವಂತ ಖರ್ಚಿನಿಂದ ತತ್ಸಮಾನ ಹಲ್ಲನ್ನು ಒದಗಿಸತಕ್ಕದ್ದು.

ಅನಸೂಯಾ ಊರಿಗೆ ಬರುವಷ್ಟರಲ್ಲಿ ದಂತಸಂರಕ್ಷಣಾ ದಳದವರು ಬಂದು ಮಕ್ಕಳ ಬಾಯಿ ತೆರೆಸಿ, ಅಲುಗಾಡುವ ಹಲ್ಲುಗಳಿಗೆ ನೋಟಿಸು ಕೊಟ್ಟು ಹೋಗಿದ್ದರು. ಉಳ್ಳವರು ಪಿಂಗಾಣಿ ಹಲ್ಲು ಕಟ್ಟಿಸಿದರು. ಚೆಲುವಿಯ ತಾಯಿ ಮಾದೇವಿ ಕೊಬ್ಬರಿ ಚೂರನ್ನು ಹಲ್ಲಿನ ಆಕಾರಕ್ಕೆ ಕೆತ್ತಿ ಮಗಳ ಬಾಯಿಗೆ ಸಿಕ್ಕಿಸಿದಳು. ಹಾಜರಿಯ ಹೊತ್ತಿಗೆ ಯಂತ್ರ ಅದನ್ನು ಒಪ್ಪಿಕೊಂಡಿತು. ಆದರೆ ಹುಡುಗಿ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಊಟದ ಚೀಟಿಯ ಸಾಲು ಮುಂದೆ ಸರಿಯುವುದರೊಳಗೆ ಹಲ್ಲನ್ನು ಅಗಿದು ನುಂಗಿಬಿಟ್ಟಳು.

"ಈ ವದನವು ನೋಂದಣಿಯಾಗಿಲ್ಲ" ಎಂದಿತು ಯಂತ್ರ.

ಅನಸೂಯಾಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಆಗಲೇ ಅವಳಿಗೆ ಒಂದು ಯೋಚನೆ ಹೊಳೆದದ್ದು. ಜೂನಿನಲ್ಲಿ ತೆಗೆದ ಪಟಗಳ ಪ್ರತಿಗಳು ಬೀರುವಿನಲ್ಲಿದ್ದವು. ಚೆಲುವಿಯ ಪಟವನ್ನು ತಂದು ಯಂತ್ರದ ಮುಂದೆ ಹಿಡಿದಳು.

"ಸುಸ್ವಾಗತ, ಚೆಲುವಿ" ಎಂದು ಯಂತ್ರ ಚೀಟಿ ಹೊರಹಾಕಿತು.

ಅನಸೂಯಾ ಪಟಗಳನ್ನೆಲ್ಲ ರಟ್ಟಿಗೆ ಅಂಟಿಸಿ ಮಕ್ಕಳ ಕೈಗೆ ಕೊಟ್ಟಳು. ಅವರು ಅದನ್ನು ಮುಖಕ್ಕೆ ಹಿಡಿದು ಒಬ್ಬೊಬ್ಬರಾಗಿ ಹಾಜರಿ ಹಾಕಿಸಿಕೊಂಡರು, ಹೊಟ್ಟೆ ತುಂಬ ಉಂಡರು. ಬೋರಮ್ಮ ಸಾರಿನ ಪಾತ್ರೆಯ ತಳ ಕೆರೆದು ಬಡಿಸಿದಳು. ಕೆಲವು ವಾರ ಆ ಶಾಲೆಯಲ್ಲಿ ನೆಮ್ಮದಿಯಿತ್ತು.

ಆದರೆ ರಾಜ್ಯದ ಬೇರೆ ಶಾಲೆಗಳಲ್ಲಿ ಹಾಜರಿ ಕುಸಿಯುತ್ತಿರಲು, ಕುಂಬಾರಕೊಪ್ಪಲು ಮಾತ್ರ ನೂರಕ್ಕೆ ನೂರು ತೋರಿಸುತ್ತಿತ್ತು. ಅಹುದಯ್ಯನು ಪರಿವಾರ ಸಮೇತ ಅಲ್ಲಿಗೆ ಚಿತ್ತೈಸಿದನು. ಮಕ್ಕಳು ಬಾವಿಯ ಕಡೆ ಕೈ ತೊಳೆಯಲು ಹೋಗಿದ್ದರು. ತರಗತಿಯಲ್ಲಿ ಪಟಗಳಷ್ಟೇ ಚಾಪೆಯ ಮೇಲೆ ಗೋಡೆಗೊರಗಿ ಸಾಲಾಗಿ ಕುಳಿತಿದ್ದವು. ಯಂತ್ರ ಅವುಗಳಿಗೆ ತಿಮಿಂಗಿಲ ತೋರಿಸುತ್ತಿತ್ತು.

ಅನಸೂಯಾ ಒಳಗೆ ಓಡಿಬಂದಳು. ಇನ್ನು ತನ್ನ ಕೆಲಸ ಹೋಯಿತೆಂದೇ ಎಣಿಸಿ, "ಸ್ವಾಮಿ, ಮಕ್ಕಳ ಊಟಕ್ಕಾಗಿ ಹೀಗೆ ಮಾಡಿದೆ. ತಪ್ಪಾಗಿದ್ದರೆ ನನ್ನದು" ಎಂದಳು.

ಮಂತ್ರಿಯು ಅವಳ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಪಟಗಳನ್ನೇ ನೋಡುತ್ತಿದ್ದನು. "ಎಂಥ ಶಿಸ್ತು" ಎಂದನು. "ಎಲ್ಲರೂ ನಗುತ್ತಿದ್ದಾರೆ. ಗಲಾಟೆಯಿಲ್ಲ. ಇವರಿಗೆ ಶೌಚಾಲಯ ಬೇಡ, ಊಟವೂ ಬೇಡ. ಅಮ್ಮಾ, ಇಷ್ಟು ದಿನ ಈ ಆವಿಷ್ಕಾರವನ್ನು ಯಾಕೆ ಬಚ್ಚಿಟ್ಟಿರಿ?"

ಆ ವರ್ಷ ರಾಜ್ಯೋತ್ಸವದಂದು ಅನಸೂಯಾಗೆ 'ವಿದ್ಯಾನಾವೀನ್ಯ ರತ್ನ' ಪ್ರಶಸ್ತಿ ಬಂತು. ಮಹಾರಾಜನು ತಾನೇ ಶಾಲು ಹೊದಿಸಿದನು. ಅವಳು ವೇದಿಕೆಯ ಮೇಲೆ ಬಾಯಿ ತೆರೆದು, "ಪಟಕ್ಕೆ ಕಲಿಯೋಕೆ ಬರಲ್ಲ ಮಹಾಸ್ವಾಮಿ" ಎಂದದ್ದು ಮಂಗಳವಾದ್ಯದಲ್ಲಿ ಮುಳುಗಿಹೋಯಿತು. ಮರುದಿನವೇ ಪಟಾಧಾರಿತ ಶಿಕ್ಷಣವು ರಾಜ್ಯದಾದ್ಯಂತ ಜಾರಿಯಾಯಿತು; ಇನ್ನು ಮಕ್ಕಳು ಬರಬೇಕಿಲ್ಲ, ಅವರ ಪಟಗಳು ತರಗತಿಯಲ್ಲಿ ಕುಳಿತರೆ ಸಾಕು. ಹಾಜರಿ ಪೂರ್ಣವಾಯಿತು. ಊಟದ ವೆಚ್ಚ ಉಳಿಯಿತು. ಬೋರಮ್ಮನನ್ನು ಮನೆಗೆ ಕಳಿಸಿದರು. ಪಟಗಳು ಮಸುಕಾಗದಂತೆ ಕಾಯಲು ಕನ್ನಡಿಯ ಚೌಕಟ್ಟು ಕಡ್ಡಾಯವಾಗಿ, ಪೋಷಕರ ಮೇಲೆ ಪಟಶುಲ್ಕ ಬಿತ್ತು. ಪರೀಕ್ಷೆಯಲ್ಲಿ ಯಾವ ಪಟವೂ ತಪ್ಪು ಉತ್ತರ ಬರೆಯದಿದ್ದ ಕಾರಣ ಎಲ್ಲವೂ ಉತ್ತಮ ಶ್ರೇಣಿಯಲ್ಲಿ ತೇರ್ಗಡೆಯಾದವು. ನೆರೆರಾಜ್ಯದವರು ಇದನ್ನು ನೋಡಿ ಕಲಿಯಲು ನಿಯೋಗ ಕಳಿಸಿದರು.

ಬೇಸಿಗೆ ಕಳೆದು ಶಾಲೆ ತೆರೆಯುವ ದಿನ ಅನಸೂಯಾ ದಾರಿಯಲ್ಲಿ ಮಾದೇವಿಯನ್ನು ಕಂಡಳು. ತಾಯಿಯ ತಲೆಯ ಮೇಲೆ ಮಣ್ಣು ತುಂಬಿದ ದೊಡ್ಡ ಮಂಕರಿ, ಹಿಂದೆ ಬರುತ್ತಿದ್ದ ಚೆಲುವಿಯ ತಲೆಯ ಮೇಲೆ ಚಿಕ್ಕದು.

"ಮಾದೇವಿ, ಮಗೂನ ಯಾಕವ್ವ ಕೆಲಸಕ್ಕೆ ಹಚ್ಚಿದೀಯ? ಸಂಜೆ ನಮ್ಮನೇಗಾದರೂ ಕಳಿಸು, ನಾನು ಹೇಳಿಕೊಡ್ತೀನಿ."

ಮಾದೇವಿ ನಿಲ್ಲಲಿಲ್ಲ. ನಿಂತರೆ ಮಂಕರಿ ವಾಲುತ್ತಿತ್ತು.

"ಸಂಜೆಗಂಟ ಇದೇ ಆಯ್ತದೆ ಮಿಸ್ಸು. ಅವಳ ಪಟ ಎರಡ್ನೇ ಕ್ಲಾಸಿಗೆ ಹೋಯ್ತಲ್ಲ, ಅದರ ಫೀಸು ಕಟ್ಬೇಕು. ನನ್ನೊಬ್ಬಳ ದುಡಿಮೇಲಿ ಆಗಕಿಲ್ಲ."