ಲೋವರ್ ಹಟ್‌ನಲ್ಲಿ ಮೆಕ್ಸಿಕೋ ಮನೆಯ ಗೃಹಪ್ರವೇಶ

ಈ ವರದಿ ಬರೆಯಲು ಕೂತಾಗಲೆಲ್ಲ ಯಾರಾದರೂ ಕರೆಯುತ್ತಾರೆ. ಇವತ್ತು ಇದು ಮೂರನೆಯ ಸಲ. ಮೊದಲು ಕುಕ್ಕರ್ ಕೂಗಿತು. ಆಮೇಲೆ ನನ್ನ ಯಜಮಾನರು ಧನಂಜಯ ತಮ್ಮ ಇನ್ನೊಂದು ಕಾಲುಚೀಲ ಎಲ್ಲಿ ಎಂದು ಕೇಳಿದರು. ಅದು ಅವರ ಕೈಯಲ್ಲೇ ಇತ್ತು. ಈಗ ಐದು ವರ್ಷದ ಮಗಳು ಲಾಸ್ಯಾ ಒಳಕೋಣೆಯಿಂದ ಕೆಮ್ಮುತ್ತಾ ಕರೆದಳು. ಬೆನ್ನು ಸವರಿ, ಬಿಸಿನೀರು ಕುಡಿಸಿ ಬಂದೆ. ಕಾರ್ಯದರ್ಶಿಯನ್ನು ಹೀಗೆ ಮಧ್ಯೆ ಮಧ್ಯೆ ಎಬ್ಬಿಸಿದರೆ ದಾಖಲೆಯಲ್ಲಿ ತಪ್ಪು ನುಸುಳುತ್ತದೆ. ಆಮೇಲೆ ನನ್ನನ್ನು ಅನ್ನಬಾರದು.

ವಿಷಯ ಇಷ್ಟು. ೨೦೦೬ನೇ ಇಸವಿ ಮೇ ತಿಂಗಳಿನಲ್ಲಿ, ಆಕ್ಲೆಂಡಿಗೆ ದಕ್ಷಿಣಕ್ಕಿರುವ ಲೋವರ್ ಹಟ್‌ನ ಆರು ಕನ್ನಡ ಸಂಸಾರಗಳು ಸೇರಿ ಮೆಕ್ಸಿಕೋ ದೇಶದ ಕಡಲತೀರದಲ್ಲಿ ಒಂದು ಮನೆ ಕೊಂಡವು. ಆರರಲ್ಲಿ ಯಾರೂ ಮೆಕ್ಸಿಕೋ ನೋಡಿದವರಲ್ಲ. ಐದು ಸಂಸಾರಗಳಿಗೆ ಲೋವರ್ ಹಟ್‌ನಲ್ಲಿ ಸ್ವಂತ ಮನೆ ಇತ್ತು. ಆರನೆಯದು ನಮ್ಮದು.

ಈ ಆರು ಸಂಸಾರಗಳ ಸಂಘದಲ್ಲಿ ನಾಲ್ಕು ಜನ ಎಂಜಿನಿಯರುಗಳು, ಮೂವರು ಸಾಫ್ಟ್‌ವೇರಿನವರು, ಒಬ್ಬರು ಡಾಕ್ಟರೇಟ್ ಮಾಡಿದವರು. ನಾನು ಎಸ್ಸೆಸ್ಸೆಲ್ಸಿ. ಆದರೆ ತಲೆಕಟ್ಟು, ಕೊಂಬು ತಪ್ಪದೆ ಕನ್ನಡ ಬರೆಯುವವಳು ನಾನೊಬ್ಬಳೇ ಉಳಿದಿದ್ದರಿಂದ ಕಾರ್ಯದರ್ಶಿ ಹುದ್ದೆ ನನಗೆ ಬಂತು. ಆ ದಿನ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಸಂಬಳ ಎಷ್ಟು ಎಂದು ಅಮ್ಮ ಕೇಳಿದಳು. ಲೈನು ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ನಾವು ಬಾಡಿಗೆಗಿರುವ ಮನೆ ಟ್ರೆವರ್ ಎಂಬವರದು. ಹಳೇ ಮರದ ಮನೆ, ಬೆಟ್ಟದ ನೆರಳಿನಲ್ಲಿದೆ. ಇಲ್ಲಿ ಚಳಿಗಾಲ ಶುರುವಾಗುವ ಮೇ ತಿಂಗಳಲ್ಲಿ ಒಗೆದ ಬಟ್ಟೆ ಸೆಪ್ಟೆಂಬರಿನವರೆಗೆ ಒಣಗುವುದಿಲ್ಲ. ಲಾಸ್ಯಾಳ ಕೋಣೆಯ ಗೋಡೆಯಲ್ಲಿ ಕರೀ ಬೂಷ್ಟು ಬೆಳೆಯುತ್ತದೆ. ಒರೆಸಿದರೆ ವಾರದಲ್ಲಿ ಮತ್ತೆ ಹಾಜರು. ಒಣಗಿದ ಮನೆಗೆ ಹೋಗಿ, ಮಗುವಿನ ಕೆಮ್ಮು ತಾನಾಗಿ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ನಾಲ್ಕು ವರ್ಷ ಕೂಡಿಟ್ಟು ಒಂದು ಮನೆ ನೋಡಿದ್ದೆವು. ಸಣ್ಣದು, ರೈಲಿನ ಸದ್ದು ಕೇಳುತ್ತದೆ. ಆದರೆ ಮುಂದಿನ ಕೋಣೆಗಳಿಗೆ ದಿನವಿಡೀ ಬಿಸಿಲು. ಮುಂಗಡ ಕೊಡುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ವಾಸುದೇವ ಅಂಕಲ್ ಆಕ್ಲೆಂಡಿನ ಹೋಟೆಲೊಂದರಲ್ಲಿ ಉಚಿತ ಉಪನ್ಯಾಸ ಕೇಳಿ, ಉಚಿತ ಊಟ ಮಾಡಿ, ಹೊಳೆಯುವ ಪುಸ್ತಿಕೆಯೊಂದಿಗೆ ಬಂದರು. ಅವರು ನಮ್ಮಲ್ಲಿ ಹಿರಿಯರು. ಅವರ ಮನೆಯ ಮುಂಗೋಣೆಯಲ್ಲಿ ಸಭೆ ಸೇರಿತು.

"ಇದು ಬರೀ ಮನೆ ಅಲ್ಲ, ಇದು ಲೈಫ್‌ಸ್ಟೈಲು," ಎಂದರು.

"ಇರೋ ಲೈಫಿಗೇ ಸ್ಟೈಲಿಲ್ಲ," ಎಂದರು ಅವರ ಮನೆಯವರು ರಮಾ ಆಂಟಿ, ಚಕ್ಕುಲಿ ತಟ್ಟೆ ಇಡುತ್ತಾ.

ಆ ದೇಶದ ಕಾನೂನಿನ ಪ್ರಕಾರ ಸಮುದ್ರದ ಹತ್ತಿರದ ಮನೆಗೆ ಹೊರದೇಶದವರ ಹೆಸರು ನೇರವಾಗಿ ಬರುವಂತಿಲ್ಲ, ಬ್ಯಾಂಕಿನ ಹೆಸರಿನಲ್ಲಿ ಐವತ್ತು ವರ್ಷ ಇರುತ್ತದೆ, ಅನುಭವಿಸುವವರು ಮಾತ್ರ ನಾವು ಎಂದು ವಾಸುದೇವ ಅಂಕಲ್ ವಿವರಿಸಿದರು.

"ಅಂದ್ರೆ ಮನೆ ನಮ್ಮದಾ, ಅಲ್ವಾ?" ರಮಾ ಆಂಟಿ ಕೇಳಿದರು.

"ನಮ್ಮದೇ ಕಣೇ. ಹೆಸರು ಮಾತ್ರ ಬ್ಯಾಂಕಿಂದು."

"ಸರಿ ಬಿಡಿ, ಈ ಮನೇನೂ ಹಾಗೇ ತಾನೆ. ಹೆಸರು ನಿಮ್ಮದು, ಗುಡಿಸೋದು ನಾನು."

ಎಲ್ಲರೂ ನಕ್ಕರು. ಪುಸ್ತಿಕೆ ಕೈಯಿಂದ ಕೈಗೆ ಬಂದು ನನ್ನ ಮಡಿಲಿಗೆ ಬಿತ್ತು. ಉಳಿದವರೆಲ್ಲ ಸಮುದ್ರ ನೋಡಿದರು, ಈಜುಕೊಳ ನೋಡಿದರು, ಹತ್ತು ವರ್ಷದಲ್ಲಿ ಬೆಲೆ ಎಷ್ಟು ಏರುತ್ತದೆ ಎಂಬ ಗೆರೆ ನೋಡಿದರು. ನಾನು ನೋಡಿದ್ದು ಎಂಟನೇ ಪುಟದ ಬಾಲ್ಕನಿಯನ್ನು. ಅಲ್ಲಿ ಹಗ್ಗದ ಮೇಲೆ ಎರಡು ಬಿಳೀ ಟವೆಲ್ ಒಣಗುತ್ತಿದ್ದವು. ಎಂಥ ಬಿಸಿಲು ಅಂದರೆ, ಫೋಟೋದಲ್ಲೇ ಟವೆಲ್ ಗರಿಗರಿ ಅನ್ನುತ್ತಿತ್ತು.

ಧನಂಜಯ ನನ್ನ ಕಿವಿಯ ಹತ್ತಿರ ಬಗ್ಗಿ, "ಬೇಡ ಕಾತ್ಯಾ. ರೈಲಿನ ಹತ್ತಿರದ ಆ ಮನೆ ಏನಾಗ್ಬೇಕು?" ಎಂದರು.

"ಇರಿ ಸ್ವಲ್ಪ," ಎಂದು ನಾನು ಕೈ ಎತ್ತಿ ನಿರ್ಣಯವನ್ನು ಅನುಮೋದಿಸಿದೆ. ಅನುಮೋದಕರು: ಶ್ರೀಮತಿ ಕಾತ್ಯಾಯಿನಿ. ನನ್ನ ಅಕ್ಷರದಲ್ಲೇ ಇದೆ, ಅಳಿಸಲು ಬರುವುದಿಲ್ಲ. ಕೂಡಿಟ್ಟ ಮುಂಗಡ ನಮ್ಮ ಪಾಲಿಗೆ ಸರಿಯಾಗಿ ಸಾಕಾಯಿತು. ಬಿಸಿಲಿನ ಮನೆಯನ್ನು ಅಪ್ಪರ್ ಹಟ್‌ನವರು ಯಾರೋ ಕೊಂಡರು.

ಮುಂದಿನ ಸಭೆಯಲ್ಲಿ ದತ್ತಾತ್ರೇಯ ಅಂಕಲ್ ಆಕ್ಷೇಪ ಎತ್ತಿದರು. ಅವರು ವಾರವೆಲ್ಲ ರಸ್ತೆ, ಸೇತುವೆಯ ಲೆಕ್ಕ ನೋಡುವವರು, ಶನಿವಾರ ಭಾನುವಾರ ನಮ್ಮೆಲ್ಲರ ಪುರೋಹಿತರು. ನಕ್ಷೆ ಬಿಡಿಸಿಟ್ಟು, "ಸಮುದ್ರ ಪಶ್ಚಿಮಕ್ಕೆ ಬಂದಿದೆ. ನೀರು ಪೂರ್ವಕ್ಕೋ ಈಶಾನ್ಯಕ್ಕೋ ಇರಬೇಕು. ಇಂಥ ಮನೇಲಿ ದುಡ್ಡು ನಿಲ್ಲಲ್ಲ," ಎಂದರು.

ದುಡ್ಡು ಆಗಲೇ ಹೊರಟುಹೋಗಿದ್ದರಿಂದ ಎಲ್ಲರೂ ಕಾಫಿ ಲೋಟಕ್ಕೆ ಕೈ ಹಾಕಿದರು. ಸಮುದ್ರವನ್ನು ಸರಿಸುವ ಬಗ್ಗೆ ಯಾರೂ ಮಾತಾಡಲಿಲ್ಲ. ಎಂಜಿನಿಯರುಗಳಿದ್ದರೂ ಸಾಧ್ಯವಿಲ್ಲ ಎಂದು ನನಗೂ ಗೊತ್ತಿತ್ತು.

ಕಾಫಿ ಎರಡನೇ ಸಲ ಬಂದ ಮೇಲೆ ದತ್ತಾತ್ರೇಯ ಅಂಕಲ್ಲೇ ದಾರಿ ತೋರಿಸಿದರು. ಮೆಕ್ಸಿಕೋದವರ ಪಶ್ಚಿಮದ ಸಮುದ್ರವೂ ಪೆಸಿಫಿಕ್, ನಮ್ಮ ಪೂರ್ವದ ಬೆಟ್ಟಗಳ ಆಚೆಗಿನ ಸಮುದ್ರವೂ ಪೆಸಿಫಿಕ್. ನೀರು ಒಂದೇ. ಲೋವರ್ ಹಟ್‌ನಲ್ಲಿ ನಿಂತು ನೋಡಿದರೆ ಅದು ಸರಿಯಾಗಿ ಪೂರ್ವಕ್ಕೇ ಇದೆ. ಆದ್ದರಿಂದ ದಿಕ್ಕನ್ನು ಮನೆಯಿಂದ ಎಣಿಸದೆ ಮಾಲೀಕರಿಂದ ಎಣಿಸಿದರೆ ದೋಷವಿಲ್ಲ.

ನಿರ್ಣಯ ಏಳು: ಮಾಲೀಕರು ಎಲ್ಲಿರುತ್ತಾರೋ ಮನೆಯೂ ಅಲ್ಲಿಯೇ ಇದೆ ಎಂದು ಭಾವಿಸತಕ್ಕದ್ದು. ಸರ್ವಾನುಮತ.

ಹಾಗೆ ಭಾವಿಸಿದ ಮೇಲೆ ಗೃಹಪ್ರವೇಶಕ್ಕೆ ಮೆಕ್ಸಿಕೋಗೆ ಹೋಗುವ ಖರ್ಚು ಉಳಿಯಿತು. ನಮ್ಮ ಬಡಾವಣೆಯ ಸಮುದಾಯ ಭವನವನ್ನು ಅರ್ಧ ದಿನಕ್ಕೆ ಹಿಡಿದೆವು. ಬಾಗಿಲ ಬಳಿ ಸ್ಟೂಲಿನ ಮೇಲೆ ಮನೆಯ ಫೋಟೋ, ಅದಕ್ಕೆ ಹಾರ. ಅಲ್ಲಿ ಮಕ್ಕಳು ಬ್ಯಾಡ್ಮಿಂಟನ್ ಆಡುತ್ತಾರೆ. ಅಂಕಣದ ಬಿಳೀ ಗೆರೆಯನ್ನು ಹೊಸಿಲೆಂದು ತಿಳಿದು ಆರು ದಂಪತಿಗಳು ಬಲಗಾಲಿಟ್ಟು ದಾಟಿದೆವು. ಲಾಸ್ಯಾ ಎಡಗಾಲಿಟ್ಟಳು. ವಾಪಸ್ ಕರೆದು ಮತ್ತೆ ದಾಟಿಸಿದೆವು. ಹಾಲು ಚೆನ್ನಾಗಿ ಉಕ್ಕಿ ಭವನದ ಕರೆಂಟ್ ಒಲೆ ಕೆಟ್ಟಿತು.

ಮುಹೂರ್ತ ಶುಕ್ರವಾರ ಬೆಳಿಗ್ಗೆ. ನಮ್ಮ ಶುಕ್ರವಾರ ಬೆಳಿಗ್ಗೆ ಎಂದರೆ ಮೆಕ್ಸಿಕೋದಲ್ಲಿ ಇನ್ನೂ ಗುರುವಾರ ಮಧ್ಯಾಹ್ನ. ಏಜೆಂಟು ನಮ್ಮ ಪರವಾಗಿ ಪತ್ರಕ್ಕೆ ಸಹಿ ಹಾಕಿದ್ದು ಅಲ್ಲಿನ ಶುಕ್ರವಾರ. ಅಂದರೆ ಮನೆ ನಮ್ಮದಾಗುವ ಹಿಂದಿನ ದಿನವೇ ನಾವು ಅದನ್ನು ಪ್ರವೇಶಿಸಿ, ಹಾಲುಕ್ಕಿಸಿ, ಬಿಸಿಬೇಳೆಬಾತ್ ತಿಂದು ಬಂದಿದ್ದೆವು. ಇದನ್ನು ವರದಿಯಲ್ಲಿ ಸೇರಿಸಬೇಕೇ ಎಂದು ನಾನು ಕೇಳಿದೆ. "ಸೇರಿಸಮ್ಮ, ಅಡ್ವಾನ್ಸ್ ಪೊಸೆಷನ್ ಅಂತ ಹಾಕು," ಎಂದರು ವಾಸುದೇವ ಅಂಕಲ್.

ಆಮೇಲೆ ತಿಳಿದ ಸಣ್ಣಪುಟ್ಟ ವಿಷಯಗಳೆಂದರೆ: ಮೆಕ್ಸಿಕೋಗೆ ನಮ್ಮ ವಿಮಾನ ಅಮೆರಿಕದ ಮೇಲೆ ಹೋಗುತ್ತದೆ, ನಮ್ಮ ಪಾಸ್‌ಪೋರ್ಟಿನವರಿಗೆ ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು, ಮೆಕ್ಸಿಕೋದ ವೀಸಾ ಬೇರೆ. ಅರ್ಜಿಯಲ್ಲಿ "ಎಲ್ಲಿ ತಂಗುತ್ತೀರಿ" ಎಂಬ ಕಡೆ ಧನಂಜಯ ಸ್ವಂತ ಮನೆ ಎಂದು ಬರೆದರು. "ಈಗಿನ ವಿಳಾಸ" ಎಂಬಲ್ಲಿ ಬಾಡಿಗೆ ಮನೆ ಎಂದು ಬರೆದರು. ಎರಡನ್ನೂ ಓದಿ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು, ಅರ್ಜಿಯನ್ನು ಡ್ರಾಯರಿನಲ್ಲಿಟ್ಟರು.

ಯಾರೂ ಹೋಗಲಾರದ ಮನೆಯನ್ನು ಖಾಲಿ ಬಿಡಬಾರದು, ಪರಿಚಿತರಿಗೆ ಬಾಡಿಗೆಗೆ ಕೊಡಬೇಕು ಎಂದು ತೀರ್ಮಾನವಾಯಿತು. ಬಾಡಿಗೆದಾರರ ಕಷ್ಟ ಬಲ್ಲವಳು ನಾನೊಬ್ಬಳೇ ಆದ್ದರಿಂದ ನಿಯಮಾವಳಿ ಬರೆಯುವ ಕೆಲಸವೂ ನನ್ನದಾಯಿತು. ಬೂಷ್ಟಿನ ಬಗ್ಗೆ ಟ್ರೆವರ್‌ಗೆ ನಾನು ಮೂರು ಪತ್ರ ಬರೆದಿದ್ದೆ. ಮೂರಕ್ಕೂ ಅವರ ಉತ್ತರ, ಕಿಟಕಿ ತೆರೆದಿಡಿ ಎಂದು. ಆ ಸಿಟ್ಟನ್ನೆಲ್ಲ ಸೇರಿಸಿ ಬರೆದೆ.

ನಿಯಮ ಹದಿನಾಲ್ಕು: ಬಾಡಿಗೆದಾರರು ತೇವದ ಬಗ್ಗೆ ದೂರಿದಲ್ಲಿ, ಕಿಟಕಿ ತೆರೆಯಿರಿ ಎಂದು ಹೇಳಕೂಡದು. ಏಳು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಸರಿಪಡಿಸತಕ್ಕದ್ದು.

ಓದಿದಾಗ ಚಪ್ಪಾಳೆ ಬಿತ್ತು. ಇಂಗ್ಲಿಷಿಗೆ ಧನಂಜಯ ಅನುವಾದ ಮಾಡಿದರು.

ಜೂನ್ ಕೊನೆಗೆ ಟ್ರೆವರ್ ಮನೆ ತಪಾಸಣೆಗೆ ಬರುವವರಿದ್ದರು. ಮೂರು ತಿಂಗಳಿಗೊಮ್ಮೆ ಬಂದು, ನಾವು ಅವರ ಮನೆ ಹಾಳು ಮಾಡಿದ್ದೇವೆಯೇ ಎಂದು ನೋಡುತ್ತಾರೆ. ಬೂಷ್ಟು ಕಂಡರೆ ನಮ್ಮ ಒಗ್ಗರಣೆಯಿಂದಲೇ ಬಂದದ್ದು ಎನ್ನುತ್ತಾರೆ. ಅದಕ್ಕೆ ನಾನು ಗೃಹಪ್ರವೇಶದಲ್ಲಿ ಹಾರ ಹಾಕಿದ್ದ ಮನೆಯ ಫೋಟೋವನ್ನು ಲಾಸ್ಯಾಳ ಕೋಣೆಯಲ್ಲಿ, ಬೂಷ್ಟಿನ ಮೇಲೆ ಸರಿಯಾಗಿ ನೇತುಹಾಕಿದೆ. ಅಳತೆ ಮಾಡಿಸಿದ ಹಾಗೆ ಕೂತಿತು.

ಟ್ರೆವರ್ ಬಂದರು, ಫೋಟೋದ ಮುಂದೆ ನಿಂತರು. "ಚೆಂದ ಇದೆ. ಯಾರ ಮನೆ?" ಎಂದು ಕೇಳಿದರು.

ಕ್ಯಾಲೆಂಡರ್ ಚಿತ್ರ ಎನ್ನಬಹುದಿತ್ತು. "ನಮ್ಮದು" ಎಂದೆ.

ಅವರು ನನ್ನನ್ನು ನೋಡಿದರು, ಒಣಗದ ಬಟ್ಟೆಯ ಸಾಲನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಕುರ್ಚಿಯಲ್ಲಿ ಕೂತು ನನ್ನ ಕಾಫಿ ಕುಡಿದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಪರಿಚಿತರಿಗೆ ರಿಯಾಯಿತಿಯೂ ಉಂಟು ಎಂದುಬಿಟ್ಟೆ. ಜುಲೈಯಲ್ಲಿ ಅವರು ಹೆಂಡತಿಯೊಂದಿಗೆ ಆರು ವಾರಕ್ಕೆ ಹೊರಟರು. ನಾವು ಅವರಿಗೆ ಕೊಟ್ಟ ಬಾಡಿಗೆಯನ್ನೇ ಅವರು ಸಂಘಕ್ಕೆ ಬಾಡಿಗೆಯಾಗಿ ಕೊಟ್ಟರು. ಅದರಲ್ಲಿ ಆರನೇ ಒಂದು ಪಾಲು ನಮಗೆ ವಾಪಸ್ ಬಂತು.

ಅವರು ಹೋದ ಎರಡನೇ ವಾರ ಲಾಸ್ಯಾಳ ಕೆಮ್ಮು ಜಾಸ್ತಿಯಾಗಿ ಟ್ರೆವರ್‌ಗೆ ಇಮೇಲಿನಲ್ಲಿ ನಾಲ್ಕನೇ ಪತ್ರ ಹಾಕಿದೆವು. ಕಂಪ್ಯೂಟರೇ ಉತ್ತರ ಕೊಟ್ಟಿತು: ನಾನು ರಜೆಯಲ್ಲಿದ್ದೇನೆ, ಬಂದ ಮೇಲೆ ನೋಡುತ್ತೇನೆ. ಸರಿ, ನಾವೇ ತೇವ ಹೀರುವ ಮೆಷಿನ್ ಒಂದನ್ನು ಕೊಳ್ಳೋಣ ಎಂದು ಧನಂಜಯ ಹಣ ಎತ್ತಿಟ್ಟರು.

ಮೂರನೇ ದಿನ ಟ್ರೆವರ್ ಕಾರ್ಯದರ್ಶಿಗೆ, ಅಂದರೆ ನನಗೆ, ಪತ್ರ ಬರೆದರು. ಮನೆ ಬಲು ಸೊಗಸು. ಆದರೆ ಅಲ್ಲೀಗ ಮಳೆಗಾಲ. ಮಲಗುವ ಕೋಣೆಯ ಗೋಡೆಯಲ್ಲಿ ಕರೀ ಬೂಷ್ಟು ಬಂದಿದೆ, ಹೆಂಡತಿಗೆ ಕೆಮ್ಮು. ಇಂಥ ಮನೆಯನ್ನು ಬಾಡಿಗೆಗೆ ಕೊಡುವವರಿಗೆ ಮನಸ್ಸು ಹೇಗೆ ಬರುತ್ತದೋ ತಿಳಿಯದು. ದಯವಿಟ್ಟು ನಿಯಮ ಹದಿನಾಲ್ಕನ್ನು ನೋಡುವುದು.

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲೇ ತುರ್ತು ಸಭೆ ಸೇರಿತು.

"ಕಿಟಕಿ ತೆರೆದಿಡಿ ಅಂತ ಬರೆಯೋಣ ಅಂಕಲ್," ಎಂದೆ.

"ಹಾಗೆ ಹೇಳಕೂಡದು ಅಂತ ನಿಯಮ ಇದೆಯಲ್ಲಮ್ಮ. ಬರೆದೋಳು ನೀನೇ ಅಲ್ವಾ?" ಎಂದರು ವಾಸುದೇವ ಅಂಕಲ್.

"ಹೌದು ಅಂಕಲ್."

"ಚೆನ್ನಾಗಿ ಬರೆದಿದೀಯ," ಎಂದರು ರಮಾ ಆಂಟಿ. "ಎಲ್ಲೂ ತಪ್ಪಿಸ್ಕೊಳ್ಳೋಕೆ ಜಾಗಾನೇ ಬಿಟ್ಟಿಲ್ಲ."

ಅಲ್ಲಿ ತೇವ ಹೇಗೆ ಬಂತು ಎಂದು ಯಾರೋ ಕೇಳಿದರು. ದತ್ತಾತ್ರೇಯ ಅಂಕಲ್ ನಿರ್ಣಯ ಏಳನ್ನು ನೆನಪಿಸಿದರು. ಮನೆ ಮಾಲೀಕರಿದ್ದ ಕಡೆಯೇ ಇರುತ್ತದೆ. ಮಾಲೀಕರಲ್ಲಿ ಒಬ್ಬರು ತೇವದಲ್ಲಿದ್ದರೆ ಮನೆಗೂ ತಟ್ಟುವುದು ಸಹಜ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕ್ಷಮೆ ಕೇಳಿದೆ. ಟ್ರೆವರ್ ದಂಪತಿಗೆ ದೊಡ್ಡ ಸೈಜಿನ ತೇವ ಹೀರುವ ಮೆಷಿನ್ ಕೊಡಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನನ್ನ ಕೈಯೂ ಮೇಲಿತ್ತು. ನಮ್ಮ ಪಾಲನ್ನು ಧನಂಜಯ ಎತ್ತಿಟ್ಟಿದ್ದ ಹಣದಿಂದಲೇ ಕೊಟ್ಟರು. ಉಳಿದದ್ದರಲ್ಲಿ ಕೆಮ್ಮಿನ ಔಷಧಿ ಬರುತ್ತದೆ.

ಸಭೆ ಮುಗಿದು, ಎಲ್ಲರೂ ಹೋಗಿ, ನಾನು ವರದಿಗೆ ಕೂತದ್ದು ಹೀಗೆ. ಕೊನೆಯ ಸಾಲು, "ವಂದನೆಗಳೊಂದಿಗೆ ಸಭೆ ಮುಕ್ತಾಯವಾಯಿತು" ಎಂದು ಬರೆಯುತ್ತಿರುವಾಗ ನಾಲ್ಕನೇ ಸಲ ಕರೆ ಬಂತು.

ಲಾಸ್ಯಾ ಹಾಸಿಗೆಯಲ್ಲಿ ಎದ್ದು ಕೂತು ಫೋಟೋ ನೋಡುತ್ತಿದ್ದಳು. ಬೂಷ್ಟು ಈಗ ಫೋಟೋದ ಅಂಚು ದಾಟಿ ಹೊರಗೆ ಬಂದಿದೆ. ಸಭೆ ನಡೆಯುವಾಗ ಅವಳು ಮೇಜಿನ ಕೆಳಗೇ ಆಡುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ಅವಳು ಕೇಳಿದ್ದನ್ನು ಕನ್ನಡದಲ್ಲಿ ಬರೆದಿದ್ದೇನೆ, ಉತ್ತರಕ್ಕೆ ಜಾಗ ಬಿಟ್ಟಿದ್ದೇನೆ.

"ಅಮ್ಮಾ, ಮಾಲೀಕರು ಇರೋ ಕಡೆಯೇ ಮನೆ ಇರುತ್ತೆ ಅಂದ್ರಲ್ಲ ದತ್ತಾ ಅಂಕಲ್. ಈ ಮನೆ ಮಾಲೀಕರು ಟ್ರೆವರ್. ಟ್ರೆವರ್ ಮೆಕ್ಸಿಕೋದಲ್ಲಿದ್ದಾರೆ. ಹಾಗಾದ್ರೆ ನಾವು ಈಗ ಎಲ್ಲಿದ್ದೀವಿ?"